ಐಸ್ ಮೇಲೆ ಗುರ್ರ್ ಅಂದರೆ ಸರಿ, ಒಣ ರಸ್ತೆಯಲ್ಲಿ ಅಂದರೆ ತಪ್ಪು: ಚಳಿಗಾಲದ ಎಬಿಎಸ್ ದೋಷ ಹುಡುಕುವುದು

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಏಳೂವರೆಗೆ ಬಾಮೈದನ ಫೋನ್ ಬಂತು. ಮೈಸೂರಿನಿಂದ ಕೆಲಸಕ್ಕೆ ಅಂತ ಮಿಶಿಗನ್‌ಗೆ, ನಮ್ಮ ಡೆಟ್ರಾಯ್ಟ್ ಕಡೆಗೆ, ಬಂದು ಆರು ವಾರ ಆಗಿತ್ತು.

"ಭಾವ, ಬ್ರೇಕ್ ಹೋಯ್ತು ಅನ್ಸುತ್ತೆ. ಒತ್ತಿದ್ರೆ ಪೆಡಲ್ಲು ಕಾಲನ್ನೇ ವಾಪಸ್ ಒದೀತಿದೆ. ಕೆಳಗಡೆ ಗರಗರ ಸದ್ದು. ಗಾಡಿ ಸ್ಟಾಪ್ ಬೋರ್ಡ್ ದಾಟಿ ಹೋಗಿ ನಿಂತ್ಕೊಳ್ತು."

"ರಸ್ತೆ ಹೇಗಿತ್ತು?"

"ಸ್ವಲ್ಪ ಒದ್ದೆ ಒದ್ದೆ ಇತ್ತು. ಮಳೆ ಏನೂ ಬಂದಿರ್ಲಿಲ್ಲ."

ಮಳೆ ಬರದೆ ಒದ್ದೆಯಾಗಿ ಕಾಣುವ ರಸ್ತೆಗೆ ಇಲ್ಲಿ ಬ್ಲ್ಯಾಕ್ ಐಸ್ ಅನ್ನುತ್ತಾರೆ. ಅವನ ಬ್ರೇಕಿಗೆ ಏನೂ ಆಗಿರಲಿಲ್ಲ. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ತನ್ನ ಕೆಲಸ ಮಾಡಿತ್ತು, ಅಷ್ಟೇ. ಆದರೆ ಅದಕ್ಕೆ ಎರಡು ಚಳಿಗಾಲ ಮೊದಲು ನನ್ನ ಕಾರಿನಲ್ಲಿ ಇದೇ ಸದ್ದು, ಇದೇ ಒದೆತ ಬಂದಾಗ ನಿಜವಾಗಿ ಕೆಟ್ಟಿತ್ತು. ನಾನು "ಚಳಿಗಾಲ ಅಲ್ವಾ, ಐಸ್ ಇರಬೇಕು" ಅಂತ ಮೂರು ವಾರ ಸುಮ್ನಿದ್ದೆ.

ಎರಡು ಕಾರಿನಲ್ಲೂ ಲಕ್ಷಣ ಒಂದೇ. ವ್ಯತ್ಯಾಸ ಇದ್ದದ್ದು ಅದು ಎಲ್ಲಿ ಬಂತು ಅನ್ನುವುದರಲ್ಲಿ. ಆದ್ದರಿಂದ ಬಾನೆಟ್ ಎತ್ತುವ ಮೊದಲು, ಗ್ಯಾರೇಜಿಗೆ ಫೋನ್ ಮಾಡುವ ಮೊದಲು, ಇದೊಂದು ಪ್ರಶ್ನೆ ಕೇಳಿಕೊಳ್ಳಿ: ಆ ಸದ್ದು ಬಂದಾಗ ಟೈರ್ ಕೆಳಗೆ ಏನಿತ್ತು? ಐಸ್, ಹಿಮ, ಜಲ್ಲಿ, ಗುಂಡಿ ಏನಾದರೂ ಇದ್ದರೆ ಬಹುಪಾಲು ದೋಷ ಇಲ್ಲ. ಒಣ ಡಾಂಬರಿನ ಮೇಲೆ, ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸುವಾಗ ಬಂದರೆ ದೋಷ ಇದೆ.

ದೋಷ ಅಲ್ಲದವು

ನಮ್ಮ ಊರಲ್ಲಿ, ಅಂದರೆ ಭಾರತದಲ್ಲಿ, 125 ಸಿಸಿಗಿಂತ ಜಾಸ್ತಿ ಇರುವ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಹಾಗಾಗಿ ಹೆಸರು ಎಲ್ಲರಿಗೂ ಗೊತ್ತು. ಆದರೆ ಕಾರಿನಲ್ಲಿ ಅದು ಕೆಲಸ ಮಾಡುವುದನ್ನು ಕಾಲಲ್ಲಿ ಅನುಭವಿಸಿದವರು ಕಡಿಮೆ. ಒಣ ರಸ್ತೆಯಲ್ಲಿ ಅಷ್ಟು ಜೋರಾಗಿ ಬ್ರೇಕ್ ಒತ್ತುವ ಸಂದರ್ಭವೇ ಅಪರೂಪ. ಇಲ್ಲಿ ಚಳಿಗಾಲದಲ್ಲಿ ದಿನಕ್ಕೆರಡು ಸಲ ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಅಂತ ಕಂಪ್ಯೂಟರ್‌ಗೆ ಹೇಳುವುದು ಅದರ ಕೆಲಸ. ಮೂರು ಚಕ್ರ ಸುತ್ತುತ್ತಾ ಒಂದು ಮಾತ್ರ ಇದ್ದಕ್ಕಿದ್ದಂತೆ ನಿಧಾನವಾದರೆ, "ಇದು ಲಾಕ್ ಆಗ್ತಿದೆ" ಅಂತ ಕಂಪ್ಯೂಟರ್ ತಿಳಿಯುತ್ತದೆ. ಆ ಚಕ್ರದ ಬ್ರೇಕ್ ಒತ್ತಡವನ್ನು ವಾಲ್ವ್ ತೆರೆದು ಬಿಡುತ್ತದೆ, ಮತ್ತೆ ಹಾಕುತ್ತದೆ, ಮತ್ತೆ ಬಿಡುತ್ತದೆ. ಸೆಕೆಂಡಿಗೆ ಹತ್ತಕ್ಕೂ ಜಾಸ್ತಿ ಸಲ. ಬಿಟ್ಟ ಬ್ರೇಕ್ ಆಯಿಲ್ಲನ್ನು ಪಂಪು ವಾಪಸ್ ತಳ್ಳುವಾಗ ಪೆಡಲ್ ಕಾಲನ್ನು ಒದೆಯುತ್ತದೆ. ಗರಗರ ಸದ್ದು ಆ ಪಂಪಿನದ್ದು. ಬಾಷ್ ಕಂಪನಿಯ ಈ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಮೂಲ ಕೆಲಸ ಇವತ್ತಿಗೂ ಅದೇ.

ಅದು ಬ್ರೇಕಿನ ಶಕ್ತಿ ಹೆಚ್ಚಿಸುವ ಯಂತ್ರ ಅಲ್ಲ. ಚಕ್ರ ಲಾಕ್ ಆಗದಂತೆ ನೋಡಿಕೊಂಡು, ಸ್ಟಿಯರಿಂಗ್ ನಿಮ್ಮ ಮಾತು ಕೇಳುವಂತೆ ಇಡುವ ಯಂತ್ರ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದೀತು? ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಒಣ ಡಾಂಬರಿನಲ್ಲಿ ಬ್ರೇಕ್ ಒತ್ತಿದ ಮೇಲೆ 12-13 ಮೀಟರ್‌ಗೆ ಕಾರು ನಿಲ್ಲಬಹುದು. ಐಸ್‌ನ ಹಿಡಿತ ಅದರ ಎಂಟನೇ ಒಂದು ಭಾಗ ಅಂತ ಲೆಕ್ಕ ಹಾಕಿದರೆ 100 ಮೀಟರ್ ಹತ್ತಿರ ಬೇಕು. ಎಬಿಎಸ್ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಇನ್ನೊಂದು ಮಾತು: ಮೈನಸ್ 20ರ ಐಸ್‌ಗಿಂತ ಸೊನ್ನೆಯ ಹತ್ತಿರದ ಐಸ್ ಜಾಸ್ತಿ ಜಾರುತ್ತದೆ, ಮೇಲೊಂದು ನೀರಿನ ಪದರ ಇರುತ್ತದೆ. "ನಿನ್ನೆ ಇನ್ನೂ ಚಳಿ ಇತ್ತು, ಬ್ರೇಕ್ ಚೆನ್ನಾಗೇ ಹಿಡೀತು, ಇವತ್ತು ಕೆಟ್ಟಿದೆ" ಅನ್ನುವವರು ಥರ್ಮಾಮೀಟರ್ ನೋಡಲಿ.

ಹೊಸ ಸಡಿಲ ಹಿಮದಲ್ಲಿ ಇನ್ನೊಂದು ವಿಚಿತ್ರ. ಲಾಕ್ ಆದ ಚಕ್ರ ತನ್ನ ಮುಂದೆ ಹಿಮವನ್ನು ಗುಡ್ಡೆ ಹಾಕಿಕೊಂಡು ಅದಕ್ಕೇ ಒರಗಿ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಸುತ್ತಲು ಬಿಡುವುದರಿಂದ ಆ ಗುಡ್ಡೆ ಆಗುವುದೇ ಇಲ್ಲ. ಅಂದರೆ ಅಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳಬಹುದು. ಇದೂ ದೋಷ ಅಲ್ಲ.

ಹಾಗೇ, ನಡಿಗೆಯ ವೇಗಕ್ಕೆ ಇಳಿದ ಮೇಲೆ ಎಬಿಎಸ್ ಕೈ ಬಿಡುತ್ತದೆ. ಪಾರ್ಕಿಂಗ್ ಜಾಗದಲ್ಲಿ ಕೊನೆಯ ಒಂದು ಮೀಟರ್ ಚಕ್ರ ಲಾಕ್ ಆಗಿ ಸುಮ್ನೆ ಜಾರಿದರೆ ಗಾಬರಿ ಬೇಡ. ಬೆಳಿಗ್ಗೆ ಹೊರಟು 15-20 ಕಿ.ಮೀ. ವೇಗ ಮುಟ್ಟುವಾಗ ಮುಂದುಗಡೆ "ಟಕ್, ಗೂಂ" ಅಂತ ಒಂದೇ ಸಲ ಕೇಳಿದರೆ, ಅದು ಪಂಪು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸದ್ದು. ಬ್ರೇಕ್ ಒತ್ತುವಾಗಲೇ ಗುಂಡಿಯ ಮೇಲೆ ಚಕ್ರ ಹಾರಿದರೂ ಒಂದು ಕ್ಷಣ ಒದೆಯುತ್ತದೆ.

ನಮ್ಮ ಮಾವ ಮಗನಿಗೆ ಅಂಬಾಸಿಡರ್‌ನಲ್ಲಿ ಡ್ರೈವಿಂಗ್ ಕಲಿಸಿದ್ದರು. "ಜಾರುವಾಗ ಬಿಟ್ಟು ಬಿಟ್ಟು ಒತ್ತಬೇಕು" ಅಂತ ಅವರ ಪಾಠ. ಅಂಬಾಸಿಡರ್‌ಗೆ ಅದು ಸರಿಯಾದ ಪಾಠವೇ. ಎಬಿಎಸ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ಅದರ ಕೆಲಸಕ್ಕೆ ನಾವೇ ಅಡ್ಡ ಬಂದ ಹಾಗೆ. ಒಮ್ಮೆ ಜೋರಾಗಿ ಒತ್ತಿ, ಒದ್ದರೂ ಕಾಲು ತೆಗೆಯದೆ, ಎಲ್ಲಿಗೆ ಹೋಗಬೇಕೋ ಆ ಕಡೆ ಸ್ಟಿಯರಿಂಗ್ ತಿರುಗಿಸಿ. ಬಾಮೈದನ "ಬ್ರೇಕ್ ಹೋಯ್ತು" ಕಥೆಯಲ್ಲಿ ಅರ್ಧ ಭಾಗ ಪೆಡಲ್ ಒದ್ದ ಹೆದರಿಕೆಗೆ ಕಾಲು ತೆಗೆದದ್ದೇ ಆಗಿತ್ತು.

ಉಳಿದ ಅರ್ಧ ಟೈರ್. ಆ ಕಾರು ಚಳಿಗಾಲದಲ್ಲೂ ಬೆಚ್ಚಗಿರುವ ಯಾವುದೋ ರಾಜ್ಯದಿಂದ ಬಂದಿತ್ತು. 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗತೊಡಗುತ್ತದೆ. ಚಳಿಗಾಲದ ಟೈರ್ ಆದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಕಾಣಿಸುತ್ತದೆ. ಗಡಿಯಾಚೆ ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರ್ ಕಾನೂನೇ ಆಗಿದೆ. ಮಿಶಿಗನ್‌ನಲ್ಲಿ ನಮ್ಮ ಬುದ್ಧಿಗೆ ಬಿಟ್ಟದ್ದು. ಟೈರಿನ ಮೈಮೇಲಿನ ತೋಡಿನಲ್ಲಿ 25 ಸೆಂಟಿನ ನಾಣ್ಯ ತಲೆಕೆಳಗಾಗಿ ನಿಲ್ಲಿಸಿ. ನಾಣ್ಯದ ಮೇಲಿರುವ ವಾಷಿಂಗ್ಟನ್‌ನ ತಲೆಯ ತುದಿ ಮುಚ್ಚದಿದ್ದರೆ ಉಳಿದಿರುವ ಆಳ ಸುಮಾರು 3 ಮಿ.ಮೀ.ಗಿಂತ ಕಡಿಮೆ. ಅಂಥ ಟೈರ್ ಇಟ್ಟುಕೊಂಡು ಎಬಿಎಸ್ ರಿಪೇರಿಗೆ ದುಡ್ಡು ಹಾಕಬೇಡಿ.

ಈಗ ದೀಪ ನೋಡಿ

ಕೀ ತಿರುಗಿಸಿದಾಗ ಹಳದಿ ಎಬಿಎಸ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೂ ಸಂಶಯ ಪಡಿ. ಹಳೇ ಕಾರು ಕೊಳ್ಳುವಾಗ ಇದನ್ನು ಮರೆಯಬೇಡಿ, ದೋಷ ಮುಚ್ಚಲು ದೀಪವನ್ನೇ ತೆಗೆದಿಟ್ಟವರಿದ್ದಾರೆ.

ಹಳದಿ ದೀಪ ಮಾತ್ರ ಆರದೆ ಹತ್ತಿಕೊಂಡೇ ಇದ್ದರೆ ಮಾಮೂಲಿ ಬ್ರೇಕ್ ಇದೆ, ಎಬಿಎಸ್ ಇಲ್ಲ. ನಿಧಾನವಾಗಿ ಮನೆಗೆ ಹೋಗಬಹುದು. ಆಗ ಮಾವನ ಪಾಠ ಮತ್ತೆ ಉಪಯೋಗಕ್ಕೆ ಬರುತ್ತದೆ. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ. ಬ್ರೇಕ್ ಆಯಿಲ್ ಇಳಿದಿರಬಹುದು, ಅಥವಾ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಹೋಗಬೇಕು ಅಂತ ನೋಡಿಕೊಳ್ಳುವ ಭಾಗವೂ ನಿಂತಿರಬಹುದು. ಐಸ್ ಮೇಲೆ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ.

ಕೊರೆಯುವ ಚಳಿಯ ಬೆಳಿಗ್ಗೆ ದೀಪ ಹತ್ತಿ, ಸ್ವಲ್ಪ ದೂರ ಹೋದ ಮೇಲೆ ಆರಿದರೆ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. ಮೈನಸ್ 18ರಲ್ಲಿ ಬ್ಯಾಟರಿಯ ಶಕ್ತಿ ಅರ್ಧದಷ್ಟಕ್ಕೆ ಇಳಿಯುತ್ತದೆ. ವೋಲ್ಟೇಜ್ ಬಿದ್ದರೆ ಎಬಿಎಸ್ ಕಂಪ್ಯೂಟರ್ ಮುನಿಸಿಕೊಳ್ಳುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ, ಸೆನ್ಸರ್ ಕನೆಕ್ಟರ್ ಒಳಗೆ ನೀರು ಹೋಗಿ ಹೆಪ್ಪುಗಟ್ಟುತ್ತಿದೆಯಾ ನೋಡಿ. ಸ್ಟೆಪ್ನಿ ಅಂತ ಸಣ್ಣ ಟೈರ್ ಹಾಕಿಕೊಂಡು ಓಡಿಸುತ್ತಿದ್ದರೂ ದೀಪ ಬರಬಹುದು, ಆ ಚಕ್ರ ಬೇರೆ ವೇಗದಲ್ಲಿ ಸುತ್ತುತ್ತದಲ್ಲ.

ದೀಪ ಇಲ್ಲದೆ ಬಂದ ದೋಷ

ನನ್ನ ಕಾರಿನದ್ದು ಇದೇ. ದೀಪ ಹತ್ತಲಿಲ್ಲ, ದೋಷ ಕಂಡಾಗ ಕಂಪ್ಯೂಟರ್ ಬರೆದಿಡುವ ಕೋಡ್ ಕೂಡ ಇಲ್ಲ. ಮನೆ ಹತ್ತಿರದ ಸಿಗ್ನಲ್‌ನಲ್ಲಿ ಮೆಲ್ಲಗೆ ನಿಲ್ಲಿಸುವಾಗ ಕೊನೆಯ ನಾಲ್ಕೈದು ಮೀಟರ್‌ಗೆ ಪೆಡಲ್ ಒದೆಯುತ್ತಿತ್ತು, ಗರಗರ ಅನ್ನುತ್ತಿತ್ತು, ಕಾರು ನಾನು ಅಂದುಕೊಂಡದ್ದಕ್ಕಿಂತ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಲ್ಲುತ್ತಿತ್ತು. ಜನವರಿಯಲ್ಲಿ ಎರಡು ದಿನ ಬಿಸಿಲು ಬಂದು ರಸ್ತೆ ಬೂದಿಯ ಹಾಗೆ ಒಣಗಿತು. ಆವತ್ತೂ ಒದೆಯಿತು. ಆಗ ತಲೆಗೆ ಹೊಳೆಯಿತು.

ಒಂದು ಗ್ಯಾರೇಜಿಗೆ ಒಯ್ದೆ. ಸ್ಕ್ಯಾನರ್ ಹಾಕಿದರು, ಕೋಡ್ ಸಿಗಲಿಲ್ಲ. "ಎಬಿಎಸ್ ಮಾಡ್ಯೂಲ್ ಹೋಗಿದೆ, 1,400 ಡಾಲರ್" ಅಂದರು. ಕೋಡೇ ಇಲ್ಲದೆ ಮಾಡ್ಯೂಲ್ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂದರೆ, "ಬೇರೆ ಏನಿರುತ್ತೆ?" ಅಂದರು. ಬೇರೆ ಇರುತ್ತದೆ. ಪಂಪು, ವಾಲ್ವ್, ಕಂಪ್ಯೂಟರ್ ಎಲ್ಲ ಒಟ್ಟಿಗಿರುವ ಮಾಡ್ಯೂಲ್ ಸಂಶಯದ ಪಟ್ಟಿಯ ಕೊನೆಯಲ್ಲಿ ಬರಬೇಕಾದ್ದು.

ಇಲ್ಲಿ ರಸ್ತೆಗೆ ಸುರಿಯುವ ಉಪ್ಪನ್ನು ನೆನಪಿಡಿ. ಮೈನಸ್ 9ರ ಕೆಳಗೆ ಆ ಉಪ್ಪು ಐಸ್ ಕರಗಿಸಲು ಹೆಚ್ಚು ಉಪಯೋಗವಿಲ್ಲ, ಆದರೆ ಕಾರು ತಿನ್ನುವ ಕೆಲಸಕ್ಕೆ ಮಾತ್ರ ರಜೆ ಹಾಕುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಸೆನ್ಸರ್ ಕೂತಿರುವ ಜಾಗದಲ್ಲಿ ತುಕ್ಕು ಉಬ್ಬಿದರೆ ಸೆನ್ಸರನ್ನು ಮೇಲಕ್ಕೆತ್ತುತ್ತದೆ. ಸೆನ್ಸರ್‌ಗೂ ಅದು ಓದುವ, ಚಕ್ರದ ಜೊತೆ ಸುತ್ತುವ ಹಲ್ಲಿನ ರಿಂಗಿಗೂ ನಡುವೆ ಇರಬೇಕಾದ ಸಂದು ಒಂದು ಮಿ.ಮೀ. ಆಸುಪಾಸು. ಅದು ಸ್ವಲ್ಪ ಜಾಸ್ತಿ ಆದರೂ ಕಡಿಮೆ ವೇಗದಲ್ಲಿ ಸಿಗ್ನಲ್ ಸಾಯುತ್ತದೆ. ಕಂಪ್ಯೂಟರ್‌ಗೆ ಆ ಚಕ್ರ ನಿಂತೇ ಹೋದ ಹಾಗೆ ಕಾಣುತ್ತದೆ. ಉಳಿದ ಮೂರು ಸುತ್ತುತ್ತಿವೆ. ಲಾಕ್ ಆಯ್ತು ಅಂತ ಬ್ರೇಕ್ ಬಿಡುತ್ತದೆ. 2005ರಲ್ಲಿ ಜನರಲ್ ಮೋಟಾರ್ಸ್ ಸುಮಾರು 8 ಲಕ್ಷ ಟ್ರಕ್ಕು, ಎಸ್‌ಯುವಿಗಳನ್ನು ವಾಪಸ್ ಕರೆದದ್ದು ಇದೇ ಕಾರಣಕ್ಕೆ, ಅದೂ ಉಪ್ಪು ಸುರಿಯುವ ರಾಜ್ಯಗಳಲ್ಲಿ. ಅಂದರೆ ಇದು ನನ್ನೊಬ್ಬನ ಹಣೆಬರಹ ಅಲ್ಲ.

ನಾಲ್ಕು ಚಕ್ರದಲ್ಲಿ ಕಳ್ಳ ಯಾರು?

ಅಮೆರಿಕದಲ್ಲಿ 1996ರಿಂದ ಬಂದ ಕಾರುಗಳಿಗೆಲ್ಲ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ ಇದೆ. ಆದರೆ 20 ಡಾಲರಿನ ಸ್ಕ್ಯಾನರ್ ಹೆಚ್ಚಾಗಿ ಎಂಜಿನ್ನಿನ "ಪಿ" ಕೋಡ್ ಮಾತ್ರ ಓದುತ್ತದೆ. ಎಬಿಎಸ್‌ನದ್ದು "ಸಿ" ಕೋಡ್. ಕೊಳ್ಳುವಾಗ, ಇಲ್ಲ ಸ್ನೇಹಿತರಿಂದ ಕಡ ತರುವಾಗ, ಎಬಿಎಸ್ ಓದುತ್ತದಾ, ನಾಲ್ಕೂ ಚಕ್ರದ ವೇಗವನ್ನು ಗೆರೆಯಾಗಿ ತೋರಿಸುತ್ತದಾ ಅಂತ ಕೇಳಿ. ಗೆರೆ ತೋರಿಸದಿದ್ದರೆ ನನ್ನಂಥ ದೋಷ ಸಿಗುವುದಿಲ್ಲ. ಬರೀ ಅಂಕಿ ಕಣ್ಣಿಗೆ ನಿಲ್ಲದಷ್ಟು ಬೇಗ ಬದಲಾಗುತ್ತದೆ.

ಒಣಗಿದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆವು. ನಾನು ಓಡಿಸಿದೆ, ಹೆಂಡತಿ ಪಕ್ಕದಲ್ಲಿ ಸ್ಕ್ರೀನ್ ಹಿಡಿದು ಕೂತಳು. 30 ಕಿ.ಮೀ. ವೇಗದಲ್ಲಿ ನಾಲ್ಕೂ ಗೆರೆ ಒಂದರ ಮೇಲೊಂದು. 15ಕ್ಕೆ ಇಳಿದಾಗಲೂ ಹೆಚ್ಚು ಕಡಿಮೆ ಹಾಗೇ. 7ಕ್ಕೆ ಇಳಿಸಿ ಹಾಗೇ ಉರುಳಿಸಿದಾಗ ಅವಳು, "ರೀ, ಹಸಿರು ಗೆರೆ ಸೆಕೆಂಡಿಗೊಂದು ಸಲ ಗುಂಡಿಗೆ ಬೀಳ್ತಿದೆ" ಅಂದಳು. ಹಸಿರು ಅಂದರೆ ಮುಂದಿನ ಎಡ ಚಕ್ರ.

ಸೆಕೆಂಡಿಗೊಂದು ಸಲ ಅನ್ನುವುದರಲ್ಲೇ ಉತ್ತರ ಇತ್ತು. ಗಂಟೆಗೆ 7 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 2 ಮೀಟರ್. ನನ್ನ ಟೈರಿನ ಸುತ್ತಳತೆಯೂ 2 ಮೀಟರ್. ಅಂದರೆ ಚಕ್ರದ ಪ್ರತಿ ಸುತ್ತಿಗೆ ಒಂದು ಸಲ, ಒಂದೇ ಜಾಗದಲ್ಲಿ. ಸೆನ್ಸರ್ ಕೆಟ್ಟಿದ್ದರೆ, ಸಂದು ಜಾಸ್ತಿ ಆಗಿದ್ದರೆ ಗೆರೆ ಪೂರ್ತಿ ಸೊನ್ನೆಗೆ ಬಿದ್ದು ಅಲ್ಲೇ ಇರುತ್ತದೆ. ವೈರ್ ತುಂಡಾಗಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ, ಉಬ್ಬಿನ ಮೇಲೆ ಹೋದಾಗ, ತಾಳ ಇಲ್ಲದೆ ಬೀಳುತ್ತದೆ. ತಾಳಕ್ಕೆ ಸರಿಯಾಗಿ ಬಿದ್ದರೆ ಸುತ್ತುವ ಭಾಗದಲ್ಲೇ ಏನೋ ಇದೆ, ಅಂದರೆ ರಿಂಗು.

ಮನೆಗೆ ಬಂದು ಗ್ಯಾರೇಜಿನ ಒಣ ಕಾಂಕ್ರೀಟ್ ಮೇಲೆ ಜಾಕ್ ಹಾಕಿದೆ. ಹೊರಗೆ ಐಸ್ ಕಟ್ಟಿದ ಡ್ರೈವ್‌ವೇಯಲ್ಲಿ ಜಾಕ್ ಹಾಕುವ ಧೈರ್ಯ ಯಾರೂ ಮಾಡಬೇಡಿ, ಸ್ಟ್ಯಾಂಡ್ ಕೊಡದೆ ಕೆಳಗೆ ಕೈ ಹಾಕಬೇಡಿ. ಚಕ್ರ ಬಿಚ್ಚಿ ಆಕ್ಸಲ್‌ನ ತುದಿಯಲ್ಲಿ ಕೂತಿರುವ ರಿಂಗಿಗೆ ಟಾರ್ಚ್ ಬಿಟ್ಟೆ. ಕಬ್ಬಿಣದ ಬಳೆಗೆ ಸುತ್ತ ಹಲ್ಲು ಕಡಿದ ಹಾಗೆ ಇರುತ್ತದೆ. ತಂತಿ ಬ್ರಷ್‌ನಿಂದ ಮಣ್ಣು, ಉಪ್ಪು ಉಜ್ಜಿ, ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಹಲ್ಲು ಎಣಿಸುತ್ತಾ ನಿಧಾನಕ್ಕೆ ತಿರುಗಿಸಿದೆ. ಮೂವತ್ತೊಂದನೇ ಹಲ್ಲು ದಾಟಿದ ಮೇಲೆ ಒಂದು ಸೀಳು ಸಿಕ್ಕಿತು. ಉಗುರು ಒಳಗೆ ಹೋಗುವಷ್ಟು. ರಿಂಗಿನ ಕೆಳಗೆ ತುಕ್ಕು ಪದರ ಪದರವಾಗಿ ಉಬ್ಬಿ, ಬಳೆಯನ್ನು ಒಡೆದಿತ್ತು. ಅಲ್ಲಿ ಎರಡು ಹಲ್ಲಿನ ನಡುವೆ ಅಂತರ ಜಾಸ್ತಿ. ಕಂಪ್ಯೂಟರ್‌ಗೆ ಪ್ರತಿ ಸುತ್ತಿನಲ್ಲೂ ಅದೊಂದು ಕ್ಷಣ ಚಕ್ರ ತಡೆದ ಹಾಗೆ ಕಾಣುತ್ತಿತ್ತು. ವೇಗದಲ್ಲಿ ಹೋಗುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ, ನಿಲ್ಲುವ ಹೊತ್ತಿಗೆ ಬರುತ್ತದೆ.

ಸೆನ್ಸರ್ ಅಳೆಯುವಾಗ

ರಿಂಗ್ ಚೆನ್ನಾಗಿದ್ದರೆ ಸೆನ್ಸರ್ ಕಡೆ ಬನ್ನಿ. ಹಳೇ ಕಾರಿನಲ್ಲಿ ಇರುವುದು ತಂತಿ ಸುರುಳಿ, ಅಯಸ್ಕಾಂತದ ಸೆನ್ಸರ್. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಬಹುದು. ನನ್ನದರಲ್ಲಿ 1,100 ಬಂತು, ಬಲಗಡೆಯದ್ದೂ ಅಷ್ಟೇ. ಕಾರಿನಿಂದ ಕಾರಿಗೆ ಅಂಕಿ ಬೇರೆ, ಎಡ ಬಲ ಹೋಲಿಸುವುದೇ ಸುಲಭ. ಆಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಚಕ್ರವನ್ನು ಕೈಯಲ್ಲಿ ಸೆಕೆಂಡಿಗೊಂದು ಸುತ್ತು ತಿರುಗಿಸಿ. ಒಂದು ಕಡೆ ಚೆನ್ನಾಗಿ ಬಂದು ಇನ್ನೊಂದು ಕಡೆ ಕುಂಟಿದರೆ ಸಂದು ಜಾಸ್ತಿ ಆಗಿದೆ. ಸೆನ್ಸರ್ ಬಿಚ್ಚಿ ಕೂರುವ ಜಾಗದ ತುಕ್ಕು ಕೆರೆದು ಮತ್ತೆ ಕೂರಿಸಿ. ಬಿಚ್ಚುವುದೇ ಕಷ್ಟ, ತುಕ್ಕಿನಲ್ಲಿ ಹಿಡಿದುಕೊಂಡು ಮುರಿದು ಬರುವುದು ಜಾಸ್ತಿ. ಹೊಸದೊಂದು ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಹೊಸ ಕಾರುಗಳ ಸೆನ್ಸರ್ ಬೇರೆ ಜಾತಿ. ಅದು ಕರೆಂಟಿನಲ್ಲಿ ಮಾತಾಡುತ್ತದೆ, ಸಾಮಾನ್ಯವಾಗಿ 7 ಮತ್ತು 14 ಮಿಲಿ ಆಂಪಿಯರ್ ನಡುವೆ. ಅದರ ಓಮ್ ಅಳೆದು ಏನೂ ತಿಳಿಯುವುದಿಲ್ಲ, ಕೆಡಿಸುವ ಸಾಧ್ಯತೆ ಬೇರೆ. ಹಲ್ಲಿನ ರಿಂಗಿನ ಬದಲು ಬೇರಿಂಗ್ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೇರಿಂಗ್ ಬದಲಾಯಿಸಿದ ಮಾರನೇ ದಿನವೇ ಎಬಿಎಸ್ ದೀಪ ಬಂದರೆ, ಬೇರಿಂಗನ್ನು ಹಿಂದುಮುಂದಾಗಿ ಕೂರಿಸಿದ್ದಾರಾ ಕೇಳಿ. ನಗಬೇಡಿ, ಆಗುತ್ತದೆ. ಬೇರಿಂಗ್ ಸಡಿಲವಾಗಿದ್ದರೂ ಸಂದು ಕುಣಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆ ಎಳೆದು, ಆ ಕಡೆಯ ಚಕ್ರಕ್ಕೆ ಮಾತ್ರ ಎಬಿಎಸ್ ಬೇಗ ಬರುತ್ತಿದ್ದರೆ ಎಲೆಕ್ಟ್ರಿಕಲ್ ಬಿಡಿ, ಎದುರು ಕಡೆಯ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪಿನ್ ಉಪ್ಪಿಗೆ ಹಿಡಿದುಕೊಂಡಿರುತ್ತದೆ. ಬ್ರೇಕ್ ಆಯಿಲ್ ಬದಲಾಯಿಸುವಾಗ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ. ಮೈನಸ್ 40ರಲ್ಲೂ ತೆಳ್ಳಗೆ ಉಳಿಯುವ ಆಯಿಲ್ ಕೇಳುವ ಕಾರಿಗೆ ಮಾಮೂಲಿ ಹಾಕಿದರೆ, ಚಳಿಗೆ ಅದು ಮಂದವಾಗಿ ವಾಲ್ವ್‌ಗಳು ನಿಧಾನವಾಗುತ್ತವೆ. ಇಷ್ಟೆಲ್ಲ ಆಗಿ, ಫ್ಯೂಸು ಮತ್ತು ಅರ್ತ್ ವೈರು ನೋಡಿ, ಪಂಪಿನದ್ದೋ ವಾಲ್ವಿನದ್ದೋ ಕೋಡ್ ಮತ್ತೆ ಮತ್ತೆ ಬಂದರೆ ಆಗ ಮಾಡ್ಯೂಲ್ ಅನ್ನಿ.

ಕೆಲವರು ಒದೆತ ತಾಳಲಾರದೆ ಎಬಿಎಸ್ ಫ್ಯೂಸ್ ಕಿತ್ತು ಓಡಿಸುತ್ತಾರೆ. ಅದರ ಜೊತೆಗೆ ಕಾರು ಅಡ್ಡ ತಿರುಗದಂತೆ ತಡೆಯುವ ವ್ಯವಸ್ಥೆಯೂ ಹೋಗುತ್ತದೆ. ಜನವರಿಯಲ್ಲಿ ನನಗೆ ಆ ಧೈರ್ಯ ಬರಲಿಲ್ಲ, ರಿಪೇರಿ ಆಗುವವರೆಗೆ ಸಹೋದ್ಯೋಗಿಯ ಕಾರಿನಲ್ಲಿ ಹೋದೆ.

ರಿಂಗ್ ಒಂದೇ 15 ಡಾಲರಿಗೆ ಸಿಗುತ್ತಿತ್ತು. ಆದರೆ ಅದು ಕೂರುವ ಜಾಗದ ತುಕ್ಕನ್ನು ಪೂರ್ತಿ ತೆಗೆಯದೆ ಹಾಕಿದರೆ ಎರಡೇ ಚಳಿಗಾಲದಲ್ಲಿ ಹೊಸದೂ ಸೀಳುತ್ತದೆ. ನಾನು 90 ಡಾಲರ್ ಕೊಟ್ಟು ರಿಂಗ್ ಸಮೇತ ಆಕ್ಸಲ್ಲೇ ಬದಲಾಯಿಸಿದೆ. ಆಮೇಲೆ ಅದೇ ಪಾರ್ಕಿಂಗ್ ಜಾಗ, ಅದೇ ಸ್ಕ್ರೀನು, 7 ಕಿ.ಮೀ. ವೇಗ. ಹಸಿರು ಗೆರೆ ಉಳಿದ ಮೂರರ ಕೆಳಗೆ ಮುಚ್ಚಿಹೋಗಿತ್ತು. ಒಣ ನೆಲದಲ್ಲಿ ಹತ್ತು ಸಲ ಮೆಲ್ಲಗೆ ನಿಲ್ಲಿಸಿದೆ, ಒಮ್ಮೆಯೂ ಒದೆಯಲಿಲ್ಲ. ಜಾಗದ ಮೂಲೆಯಲ್ಲಿ ಹಿಮ ತಳ್ಳಿ ಗುಡ್ಡೆ ಹಾಕಿದ್ದ ಕಡೆ ಕರಗಿ ಹೆಪ್ಪುಗಟ್ಟಿದ ಐಸ್ ಪಟ್ಟಿ ಇತ್ತು. 20ರಲ್ಲಿ ಅದರ ಮೇಲೆ ಹೋಗಿ ಜೋರಾಗಿ ಒತ್ತಿದೆ. ಗುರ್ರ್ ಅಂತು.